ಯಾವ ಹೆಣ್ಣಿನ ಪುಸ್ತಕ?

ಸ್ತ್ರೀವಾದದ ಪುಸ್ತಕಗಳು ಬೇಕಾದಷ್ಟು ಬರುತ್ತಿವೆ. ಇಂಥದ್ದು ಓದಿ, ಅಂಥದ್ದು ಓದಿ ಅನ್ನುವ ಪಟ್ಟಿಗಳೂ ಬರುತ್ತಿವೆ. ಆ ಪಟ್ಟಿಗಳಲ್ಲಿ ಹೆಣ್ಣು ಅಂದರೆ ಯಾರು? ಸಗಣಿ ಬಾಚುವವಳೋ, ಬಾಚಿಸುವವಳೋ? ಇದನ್ನು ಕೇಳದ ಪಟ್ಟಿ ನಮಗೆ ಬೇಡ. ಹಾಗಂತ ಪುಸ್ತಕವೇ ಬೇಡ ಅಂದರೆ ಕೆಟ್ಟೆವು. ಪಕ್ಕದ ಮಹಾರಾಷ್ಟ್ರದ ದಲಿತ ಹೆಂಗಸರು ಬರೆದ ಮೂರು ಪುಸ್ತಕಗಳನ್ನು ನಾವು ಓದಲೇಬೇಕು.

ಮೂರರಲ್ಲಿ ಹೊಸದು ಶೈಲಜಾ ಪೈಕ್ 2022ರಲ್ಲಿ ಇಂಗ್ಲಿಷಿನಲ್ಲಿ ತಂದ 'ದಿ ವಲ್ಗ್ಯಾರಿಟಿ ಆಫ್ ಕಾಸ್ಟ್'. ತಮಾಷಾದಲ್ಲಿ ಹಾಡಿ ಕುಣಿದ ದಲಿತ ಹೆಂಗಸರ ಚರಿತ್ರೆ ಇದು. ರಾತ್ರಿ ಶಿಳ್ಳೆ ಹೊಡೆದ ಊರೇ ಬೆಳಗಾದರೆ ಅವಳನ್ನು ಅಶ್ಲೀಲ ಅನ್ನುತ್ತದೆ. ಅದೇ ಕಲೆ ಮುಂದೆ ಮರಾಠಿಗರ ಹೆಮ್ಮೆಯಾಯಿತು. ಹೆಮ್ಮೆ ರಾಜ್ಯಕ್ಕೆ, ಕಳಂಕ ಅವಳಿಗೆ! ಅಶ್ಲೀಲ ಇರೋದು ಅವಳ ಗೆಜ್ಜೆಯಲ್ಲಲ್ಲ, ಜಾತಿಯಲ್ಲಿ. ಅಂಬೇಡ್ಕರ್ ಚಳವಳಿ, ಈ ಕುಣಿತ ಬಿಡಿ, ಮಾನದಿಂದ ಬಾಳಿ ಅಂದಿತು. ನ್ಯಾಯವೇ. ಆದರೆ ಬಿಟ್ಟವಳ ಹೊಟ್ಟೆಪಾಡು? ಈ ಕಷ್ಟದ ಪ್ರಶ್ನೆಯನ್ನೂ ಪೈಕ್ ಮುಚ್ಚಿಡುವುದಿಲ್ಲ. 1982ರ ಕಾಯಿದೆಯಿಂದ ಮುತ್ತು ಕಟ್ಟುವುದನ್ನು ನಿಷೇಧಿಸಿದ ಕರ್ನಾಟಕಕ್ಕೂ ಇದು ಹೊಸ ಪ್ರಶ್ನೆಯಲ್ಲ.

ಎರಡನೆಯದು ಬೇಬಿ ಕಾಂಬಳೆ ಅವರ 'ಜಿಣ ಆಮುಚ'. ಅಂದರೆ ನಮ್ಮ ಬದುಕು. ಫಲಟಣದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದ ಈ ತಾಯಿ ವ್ಯಾಪಾರದ ನಡುವೆ ಕದ್ದು ಬರೆದರು. ಬರೆದದ್ದನ್ನು ಇಪ್ಪತ್ತು ವರ್ಷ ಬಚ್ಚಿಟ್ಟರು. ಯಾರ ಹೆದರಿಕೆ? ಮೇಲ್ಜಾತಿಯವನದಲ್ಲ, ಕಟ್ಟಿಕೊಂಡ ಗಂಡನದು. ಪುಸ್ತಕ ಬಂದದ್ದು 1986ರಲ್ಲಿ. ಗೌಡರ ಕಾಲಡಿ ನರಳಿದ ಮಹಾರ ಕೇರಿ ತನ್ನ ಸೊಸೆಯ ಕಾಲಿಗೇ ಮರದ ಕೊರಡು ಬಿಗಿದದ್ದನ್ನೂ ಅವರು ಬರೆದಿದ್ದಾರೆ. ಓದಿದರೆ ನಮ್ಮ ಗಂಡಸರ ಮೀಸೆ ಇಳಿಯಬೇಕು.

ಮೂರನೆಯದು ಊರ್ಮಿಳಾ ಪವಾರ್, ಮೀನಾಕ್ಷಿ ಮೂನ್ ಸೇರಿ 1989ರಲ್ಲಿ ತಂದ 'ಆಮ್ಹೀಹಿ ಇತಿಹಾಸ ಘಡವಲಾ'. ನಾವೂ ಇತಿಹಾಸ ಕಟ್ಟಿದೆವು ಅಂತ ಅರ್ಥ. ಬಾಬಾಸಾಹೇಬರ ಚಳವಳಿಯಲ್ಲಿದ್ದ ಹೆಂಗಸರನ್ನು ಹುಡುಕಿ ಹೋಗಿ, ಅವರ ಬಾಯಿಂದಲೇ ಕೇಳಿ ಬರೆದದ್ದು. 1942ರಲ್ಲಿ ನಾಗಪುರದಲ್ಲಿ ದಲಿತ ಮಹಿಳೆಯರ ಪರಿಷತ್ತು ಸೇರಿ ವಿಚ್ಛೇದನದ ಹಕ್ಕು ಕೇಳಿತು, ಬಹುಪತ್ನಿತ್ವ ಬೇಡ ಅಂದಿತು. ನಮ್ಮ ಭಾಷಣಗಳಲ್ಲಿ ಇದು ಎಷ್ಟು ಸಲ ಬಂದಿದೆ, ಹೇಳಿ ನೋಡೋಣ?

ಗೆಳೆಯರೆ, ಈ ಪುಸ್ತಕಗಳು ಎರಡು ಕಡೆಗೂ ಬೆರಳು ತೋರಿಸುತ್ತವೆ. ಜಾತಿ ಬಿಟ್ಟು ಹೆಣ್ಣಿನ ಮಾತಾಡುವವರಿಗೊಂದು, ಹೆಣ್ಣನ್ನು ಬಿಟ್ಟು ಜಾತಿಯ ಮಾತಾಡುವ ನಮಗೊಂದು. ನಮ್ಮ ಸಭೆಗಳಲ್ಲಿ ಅಕ್ಕಂದಿರು ಹಾಡುತ್ತಾರೆ, ಅನ್ನ ಬಡಿಸುತ್ತಾರೆ. ಮೈಕು ಮಾತ್ರ ನಮ್ಮ ಕೈಯಲ್ಲೇ! ಮನೆಯೊಳಗೆ ದೊರೆಯಾಗಿದ್ದು ಬೀದಿಯಲ್ಲಿ ಸಮಾನತೆ ಕೇಳಿದರೆ ಯಾರು ನಂಬುತ್ತಾರೆ?

ಹಿಂದಿನ ಎರಡೂ 2008ರಲ್ಲಿ ಇಂಗ್ಲಿಷಿಗೆ ಬಂದಿವೆ. ಇಂಗ್ಲಿಷ್ ಬಲ್ಲವರು ಓದಿ ಕೇರಿಯ ಮಾತಲ್ಲಿ ಹೇಳಲಿ. ಬೆಳಗಾವಿ, ಬೀದರ್ ಕಡೆಯ ಮರಾಠಿ ಬಲ್ಲ ಗೆಳೆಯರು ಮೂಲವನ್ನೇ ಓದಿ ಹೇಳಲಿ. ಕೇಳಿದ ಅವ್ವಂದಿರು ತಮ್ಮ ಬದುಕನ್ನು ಹೇಳಲಿ, ಅದನ್ನು ಅಕ್ಷರ ಬಲ್ಲ ಮಗಳು ಬರೆದುಕೊಳ್ಳಲಿ. ಅದೇ ನಮ್ಮ ನಾಲ್ಕನೇ ಪುಸ್ತಕ.

ಅವತ್ತಿನ ಅಡುಗೆಯನ್ನು ಗಂಡಸರು ಮಾಡಲಿ.