ಮೆಹಂದಿ ಹಾಕುವ ಕೈಗೂ ಒಂದು ಲೆಕ್ಕದ ಪುಸ್ತಕ ಬೇಕು

ಕಲಾವಿದರು ಎಂದ ಕೂಡಲೇ ನಮಗೆ ನೆನಪಾಗುವುದು ಪತ್ರಿಕೆಯಲ್ಲಿ ಫೋಟೋ ಬರುವವರು, ಶಾಲು ಹೊದಿಸಿ ಸನ್ಮಾನ ಮಾಡಿಸಿಕೊಳ್ಳುವವರು. ಆದರೆ ನಮ್ಮ ಮಾಡದಕೆರೆ, ಹೊಸದುರ್ಗದ ಸುತ್ತಮುತ್ತ ಕಲೆಯಿಂದಲೇ ಅನ್ನ ಹುಟ್ಟಿಸಿಕೊಳ್ಳುವ ಎಷ್ಟೋ ಜನರಿದ್ದಾರೆ. ಮದುವೆ ಮನೆಗೆ ಹೋಗಿ ಮೆಹಂದಿ ಹಾಕುವ ಹುಡುಗಿಯರು, ರವಿಕೆಗೆ ಆರಿ ಕೆಲಸ ಮಾಡುವ ಹೆಂಗಸರು, ಫ್ಲೆಕ್ಸ್ ಬಂದ ಮೇಲೂ ಕುಂಚ ಬಿಡದೆ ಅಂಗಡಿ ಬೋರ್ಡು, ಶಾಲೆಯ ಗೋಡೆ ಬರೆಯುವವರು. ಇವರೂ ಕಲಾವಿದರೇ. ಆರ್ಡರ್ ಹಿಡಿಯಬೇಕು, ಹೇಳಿದ ದಿನಕ್ಕೆ ಕೊಡಬೇಕು, ಹಣ ವಸೂಲು ಮಾಡಬೇಕು, ಇದರ ನಡುವೆ ಮನೆ, ಓದು, ನಿದ್ದೆ ಎಲ್ಲವನ್ನೂ ನೋಡಿಕೊಳ್ಳಬೇಕು.

ಇಂಥವರಿಗೆ ನಾವು ಕೊಡುವ ಬುದ್ಧಿಮಾತು ಒಂದೇ: "ಟೈಮ್‌ಟೇಬಲ್ ಹಾಕಿಕೊಳ್ಳಿ, ಬೇಗ ಏಳಿ, ಎಲ್ಲಾ ಸರಿಹೋಗುತ್ತೆ." ನನ್ನ ಅಭಿಪ್ರಾಯದಲ್ಲಿ ಈ ಮಾತಿನಿಂದ ಉಪಯೋಗ ಕಡಿಮೆ. ದುಡಿಯುವ ಕಲಾವಿದರ ಬದುಕು ಹದ ತಪ್ಪುವುದು ಸೋಮಾರಿತನದಿಂದಲ್ಲ. ಲೆಕ್ಕ ಇಲ್ಲದ ಆರ್ಡರ್‌ಗಳಿಂದ. ಆ ಲೆಕ್ಕದ ಅರ್ಧ ಭಾಗ ಇರುವುದು ಅವರ ಕೈಯಲ್ಲೂ ಅಲ್ಲ, ಆರ್ಡರ್ ಕೊಡುವ ನಮ್ಮ ಕೈಯಲ್ಲಿ.

ನಮ್ಮ ಆಪಾ ಮೆಹಂದಿ ಆರ್ಡರ್ ತೆಗೆದುಕೊಳ್ಳುತ್ತಾಳೆ. ನಾನು ಕಾಮರ್ಸ್ ತೆಗೆದುಕೊಂಡ ವರ್ಷದಿಂದ ಅವಳ ಲೆಕ್ಕ ಬರೆಯುವ ಕೆಲಸ ನನ್ನದು. ಆ ಪುಸ್ತಕದಿಂದ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಈ ಕೆಲಸದ ಸ್ವಭಾವ ನೋಡೋಣ. ಮದುಮಗಳ ಎರಡು ಕೈ, ಎರಡು ಕಾಲಿಗೆ ತುಂಬು ಮೆಹಂದಿ ಹಾಕಲು ನಾಲ್ಕೈದು ಗಂಟೆ ಬೇಕು. ಹಾಕಿದ ಮೇಲೆ ಬಣ್ಣ ಪೂರ್ತಿ ಏರಲು ಒಂದೆರಡು ದಿನ ಹಿಡಿಯುತ್ತದೆ. ಹಾಗಾಗಿ ಭಾನುವಾರ ನಿಕಾಹ್ ಇದ್ದರೆ ಮೆಹಂದಿ ಶುಕ್ರವಾರವೇ ಆಗಬೇಕು, ತಡವೆಂದರೆ ಶನಿವಾರ ಬೆಳಿಗ್ಗೆ. ದರ್ಜಿಯಾದರೆ ಮುಂದಿನ ತಿಂಗಳ ಬಟ್ಟೆಯನ್ನು ಈ ತಿಂಗಳೇ ಹೊಲಿದು ಇಡಬಹುದು. ಮೆಹಂದಿಯನ್ನು ಹಾಗೆ ಮುಂಚೆಯೇ ಮಾಡಿ ಇಡಲು ಬರುವುದಿಲ್ಲ. ಒಂದು ದಿನಕ್ಕೆ ಒಬ್ಬ ಮದುಮಗಳು, ಹೆಚ್ಚೆಂದರೆ ಇಬ್ಬರು. ನಮ್ಮಲ್ಲಿ ರಂಜಾನ್ ತಿಂಗಳಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಈದ್ ಮುಗಿದ ಕೂಡಲೇ, ಅದರಲ್ಲೂ ಬೇಸಿಗೆ ರಜೆಯಲ್ಲಿ, ಎಲ್ಲರಿಗೂ ಒಟ್ಟಿಗೆ ತಾರೀಖು ಬೇಕು. ವರ್ಷದ ಅರ್ಧ ದಿನ ಕೆಲಸವಿಲ್ಲ, ಉಳಿದ ದಿನ ಉಸಿರಾಡಲು ಬಿಡುವಿಲ್ಲ.

ಇನ್ನು ಚಾಂದ್ ರಾತ್. ಬೇರೆ ಎಲ್ಲ ಗಡುವುಗಳೂ ಕ್ಯಾಲೆಂಡರ್‌ನಲ್ಲಿ ಇರುತ್ತವೆ, ಇದೊಂದು ಮಾತ್ರ ಆಕಾಶದಲ್ಲಿರುತ್ತದೆ. ಮಗ್ರಿಬ್ ಆದ ಮೇಲೆ ಚಂದ್ರ ಕಂಡ ಸುದ್ದಿ ಬಂದರೆ ಅದೇ ರಾತ್ರಿ ಇಡೀ ಬೀದಿಯ ಕೈಗಳು ಮುಂದೆ ಬರುತ್ತವೆ. ಬೆಳಿಗ್ಗೆ ಎಲ್ಲರ ಅಂಗೈ ಕೆಂಪಾಗಿರುತ್ತದೆ. ಮೆಹಂದಿ ಹಾಕಿದವಳ ಕೈ ಖಾಲಿ ಇರುತ್ತದೆ, ಕಣ್ಣು ಕೆಂಪಾಗಿರುತ್ತದೆ.

ಇಂಥ ಕೆಲಸದಲ್ಲಿ ಮಾರುವ ಸರಕು ಮೆಹಂದಿಯಲ್ಲ, ದಿನ. ಒಂದು ದಿನವನ್ನು ಒಮ್ಮೆ ಮಾತ್ರ ಮಾರಬಹುದು. ಅರ್ಥಶಾಸ್ತ್ರದಲ್ಲಿ ನಾವು ಓದುವ ಅವಕಾಶ ವೆಚ್ಚ ಎಂದರೆ ಇದೇ. ಒಬ್ಬರಿಗೆ ಒಂದು ತಾರೀಖು ಕೊಟ್ಟರೆ ಆ ದಿನದ ಇನ್ನೊಂದು ಆರ್ಡರ್, ಓದು, ತಂಗಿಯ ಹುಟ್ಟುಹಬ್ಬ, ಎಲ್ಲವನ್ನೂ ಬಿಟ್ಟುಕೊಟ್ಟಂತೆ.

ಎರಡನೆಯದು ಮುಂಗಡ. ಅಕೌಂಟೆನ್ಸಿ ಪಾಠದಲ್ಲಿ, ಗಿರಾಕಿ ಮುಂಚಿತವಾಗಿ ಕೊಟ್ಟ ಹಣವನ್ನು ಆದಾಯ ಎಂದು ಬರೆಯುವುದಿಲ್ಲ. ಅಢಾವೆ ಪತ್ರಿಕೆಯಲ್ಲಿ ಅದು ಹೊಣೆಗಾರಿಕೆಯ ಕಡೆ ಬರುತ್ತದೆ. ಕೆಲಸ ಮುಗಿಸಿ ಕೊಟ್ಟ ದಿನವೇ ಅದು ಆದಾಯ. ಪರೀಕ್ಷೆಗೆ ಎರಡು ಅಂಕದ ಉತ್ತರವಾಗುವ ಈ ಮಾತು ಕಲಾವಿದರ ಮನೆಯಲ್ಲಿ ಬಹಳ ದೊಡ್ಡದು. ಕೈಗೆ ಬಂದ ಮುಂಗಡ ಗ್ಯಾಸ್ ಸಿಲಿಂಡರ್‌ಗೋ ಫೀಸಿಗೋ ಖರ್ಚಾಗಿಬಿಡುತ್ತದೆ. ಆಮೇಲೆ ಜ್ವರ ಬಂದರೂ ಆರ್ಡರ್ ಬಿಡುವಂತಿಲ್ಲ, ಏಕೆಂದರೆ ವಾಪಸ್ ಕೊಡಲು ಹಣವಿಲ್ಲ. ಒಂದು ಮುಂಗಡದ ಕೆಲಸ ಮುಗಿಸಲು ಇನ್ನೊಂದು ಮುಂಗಡ ಹಿಡಿಯಬೇಕಾಗುತ್ತದೆ. ಹೊರಗಿನಿಂದ ನೋಡಿದವರು "ಎಷ್ಟು ಆರ್ಡರ್! ಎಷ್ಟು ಸಂಪಾದನೆ!" ಎನ್ನುತ್ತಾರೆ. ಒಳಗೆ ಅದು ಸಾಲದ ಸರಪಳಿ. ಆದ್ದರಿಂದ ನಮ್ಮ ಪುಸ್ತಕದಲ್ಲಿ ಮುಂಗಡಕ್ಕೆ ಬೇರೆ ಪುಟ, ಮನೆಯಲ್ಲಿ ಅದಕ್ಕೆ ಬೇರೆ ಡಬ್ಬಿ. ಪೌಡರ್, ನೀಲಗಿರಿ ಎಣ್ಣೆ, ಸಕ್ಕರೆ, ಕೋನ್ ಮಾಡುವ ಪ್ಲಾಸ್ಟಿಕ್ ಇವುಗಳಿಗೆ ಬಿಟ್ಟು ಬೇರೆ ಯಾವುದಕ್ಕೂ ಆ ಡಬ್ಬಿ ತೆರೆಯುವುದಿಲ್ಲ.

ಮೂರನೆಯದು "ಸ್ವಲ್ಪ". "ಇವಳಿಗೂ ಸ್ವಲ್ಪ ಹಾಕಿಬಿಡಮ್ಮ" ಎಂಬ ಮಾತು ಕೇಳಲು ಪ್ರೀತಿಯ ಮಾತು. ಅದರ ಬೆಲೆ ಎಷ್ಟು? ಒಂದು ಉದಾಹರಣೆ ಲೆಕ್ಕ ಮಾಡೋಣ. ಮದುಮಗಳ ಮೆಹಂದಿಗೆ 2,000 ರೂಪಾಯಿ ಎಂದು ಮಾತಾಗಿದೆ ಎಂದುಕೊಳ್ಳಿ. ಸಾಮಾನು, ಬಸ್ ಚಾರ್ಜು 400 ಹೋದರೆ ಉಳಿಯುವುದು 1,600. ಕೋನ್ ಕಟ್ಟಲು ಒಂದು ಗಂಟೆ, ಹೋಗಿಬರಲು ಎರಡು, ಮೆಹಂದಿಗೆ ಐದು, ಒಟ್ಟು ಎಂಟು ಗಂಟೆ. ಗಂಟೆಗೆ 200 ರೂಪಾಯಿ ಬಿತ್ತು. ಈಗ ಮದುಮಗಳ ತಂಗಿ, ಚಿಕ್ಕಮ್ಮ, ಪಕ್ಕದ ಮನೆಯ ಮಕ್ಕಳು ಕೈ ಚಾಚಿದರು, ಇನ್ನೂ ಮೂರು ಗಂಟೆ ಹೋಯಿತು. ಹನ್ನೊಂದು ಗಂಟೆಗೆ ಅದೇ 1,600. ಗಂಟೆಗೆ ಸುಮಾರು 145. ಆ "ಸ್ವಲ್ಪ" ಪ್ರತಿ ಗಂಟೆಯಿಂದಲೂ 55 ರೂಪಾಯಿ ತಿಂದುಹಾಕಿತು, ಕೊನೆಯ ಬಸ್ಸನ್ನೂ ತಪ್ಪಿಸಿತು. ಪ್ರೀತಿಯಿಂದ ಒಂದು ಮಗುವಿನ ಅಂಗೈಗೆ ಹೂವು ಬಿಡಿಸುವುದು ಬೇರೆ. ಮಾತಾಗದ ಹತ್ತು ಕೈಗಳನ್ನು ಮುಂದಿಡುವುದು ಬೇರೆ.

ಹಾಗಾದರೆ ದಾರಿ ಏನು? ಬರೆದಿಡುವುದು. ನಮ್ಮವರಲ್ಲಿ "ನಂಬಿಕೆ ಇದ್ದ ಮೇಲೆ ಚೀಟಿ ಯಾಕೆ?" ಎನ್ನುವವರು ಬಹಳ. ಅವರಿಗೆ ಒಂದು ವಿಷಯ ನೆನಪಿಸಬೇಕು. ಕುರ್‌ಆನಿನ ಅತಿ ಉದ್ದವಾದ ಆಯತ್ ಸೂರಾ ಅಲ್-ಬಖರಾದ 282ನೆಯದು. ಅದು ಹೇಳುವುದು ವ್ಯವಹಾರದ ವಿಷಯವನ್ನೇ: ಅವಧಿ ಗೊತ್ತುಮಾಡಿದ ಸಾಲವನ್ನು ಸಣ್ಣದಿರಲಿ ದೊಡ್ಡದಿರಲಿ ಬರೆದಿಡಬೇಕು, ಸಾಕ್ಷಿ ಇರಬೇಕು ಎಂದು. ಬರೆಯುವುದು ಅಪನಂಬಿಕೆಯ ಗುರುತಾಗಿದ್ದರೆ ಅದಕ್ಕೆ ಇಷ್ಟು ಮಹತ್ವ ಸಿಗುತ್ತಿರಲಿಲ್ಲ. ಹನಫಿ ಫಿಕ್ಹ್‌ನಲ್ಲಿ 'ಇಸ್ತಿಸ್ನಾ' ಎಂಬ ಒಪ್ಪಂದವಿದೆ. ಕುಶಲಕರ್ಮಿಗೆ ಒಂದು ವಸ್ತುವನ್ನು ಮಾಡಿಕೊಡಲು ಹೇಳುವ ಆರ್ಡರ್ ಅದು. ಏನು ಮಾಡಬೇಕು, ಹೇಗಿರಬೇಕು, ಬೆಲೆ ಎಷ್ಟು ಎಂಬುದು ಮೊದಲೇ ಸ್ಪಷ್ಟವಾಗಬೇಕು. ಅಂದರೆ ಇಂದಿನ ಆರ್ಡರ್ ಚೀಟಿ ನಮಗೆ ಹೊಸದೇನಲ್ಲ.

ಹಣ ತಡಮಾಡುವವರಿಗೂ ಒಂದು ಕಥೆ ಇದೆ. ಫಿರ್ದೌಸಿ ಹತ್ತಾರು ವರ್ಷ ಕಷ್ಟಪಟ್ಟು ಶಾಹ್‌ನಾಮಾ ಬರೆದು 1010ರಲ್ಲಿ ಮುಗಿಸಿದ. ಒಂದೊಂದು ಬೈತಿಗೆ ಒಂದೊಂದು ಚಿನ್ನದ ನಾಣ್ಯ ಎಂದು ಮಾತಾಗಿತ್ತು, ಸುಲ್ತಾನ್ ಮಹಮೂದ್ ಘಜ್ನವಿ ಕಳಿಸಿದ್ದು ಬೆಳ್ಳಿ ಎಂದು ದಂತಕಥೆ ಹೇಳುತ್ತದೆ. ಕೊನೆಗೆ ಚಿನ್ನ ಬಂದೂ ಬಂತು. ಅದು ಊರಿನ ಒಂದು ಬಾಗಿಲಿನಿಂದ ಒಳಗೆ ಬರುವಾಗ ಇನ್ನೊಂದು ಬಾಗಿಲಿನಿಂದ ಕವಿಯ ಜನಾಜಾ ಹೊರಗೆ ಹೋಗುತ್ತಿತ್ತಂತೆ. ನಡೆದದ್ದೋ ಕಟ್ಟಿದ್ದೋ, ಕಲಾವಿದರ ಪಾಡು ತಿಳಿದವರು ಕಟ್ಟಿದ ಕಥೆ. ಬಾಕಿ ಹಣವನ್ನು "ಮದುವೆ ಗಲಾಟೆ ಮುಗೀಲಿ, ಕೊಡ್ತೀವಿ" ಎಂದು ತಿಂಗಳು ದೂಡುವ ಮನೆಗಳು ಇಂದಿಗೂ ಇವೆ. ನಮ್ಮ ಪುಸ್ತಕದಲ್ಲಿಯೂ ಅಂಥ ಎರಡು ಹೆಸರುಗಳಿವೆ, ಅವು ಇಲ್ಲಿ ಬೇಡ.

ಹೆಸರು ಮಾಡಿದ ಕಲಾವಿದರೂ ತಮ್ಮ ಸಮಯಕ್ಕೆ ಏನಾದರೊಂದು ಬೇಲಿ ಹಾಕಿಕೊಂಡವರೇ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ 1951ರಿಂದ ಐದು ದಶಕಕ್ಕೂ ಹೆಚ್ಚು ಕಾಲ 'ಟೈಮ್ಸ್ ಆಫ್ ಇಂಡಿಯಾ'ಕ್ಕೆ 'ಯು ಸೆಡ್ ಇಟ್' ವ್ಯಂಗ್ಯಚಿತ್ರ ಬರೆದರು. ಗಡುವು ಮುಗಿಯುವುದೇ ಇಲ್ಲ, ಆದರೆ ಅದು ಗೊತ್ತಿರುವ ಗಡುವು. ಪತ್ರಿಕೆಯ ಕೆಲಸ ಇದ್ದುದರಿಂದ ಚಿತ್ರಕ್ಕೊಮ್ಮೆ ಗಿರಾಕಿ ಹುಡುಕಿ ಚೌಕಾಸಿ ಮಾಡುವ ಪಾಡು ಇರಲಿಲ್ಲ. ನಮ್ಮ ಜಿಲ್ಲೆಯವರೇ ಆದ, ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿ ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯದಲ್ಲಿ ದುಡಿಯುತ್ತಲೇ ಜಲವರ್ಣ ಚಿತ್ರಗಳನ್ನು ಬರೆದರು. ಹೊಟ್ಟೆಪಾಡು ಒಂದು ಕಡೆ, ತನಗಾಗಿ ಬರೆಯುವ ಚಿತ್ರ ಇನ್ನೊಂದು ಕಡೆ.

ಮೂರನೆಯ ದಾರಿ ಬೀದರ್‌ನದು. 2023ರಲ್ಲಿ ಪದ್ಮಶ್ರೀ ಪಡೆದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರ ಬಿದ್ರಿ ಕಲೆಯನ್ನು ನೋಡಿ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ಯಬೇಕು, ಉಜ್ಜಬೇಕು, ನಕ್ಷೆ ಕೊರೆಯಬೇಕು, ಬೆಳ್ಳಿಯ ತಂತಿ ಕೂರಿಸಬೇಕು, ಕೊನೆಗೆ ಕೋಟೆಯ ಮಣ್ಣು ಸೇರಿಸಿದ ದ್ರಾವಣದಲ್ಲಿ ಕಪ್ಪು ಮಾಡಬೇಕು. ಒಂದು ಹಂತ ಮುಗಿಯದೆ ಇನ್ನೊಂದು ಹಂತವಿಲ್ಲ. ಎಷ್ಟು ಅವಸರ ಮಾಡಿದರೂ ಲೋಹ ಕೇಳುವುದಿಲ್ಲ. ಕೆಲಸವನ್ನು ಹಂತ ಹಂತವಾಗಿ ಬೇರೆ ಬೇರೆ ಕೈಗಳಿಗೆ ಹಂಚುವ ಪದ್ಧತಿ ಅಲ್ಲಿ ಹಿಂದಿನಿಂದಲೂ ಇದೆ. ಎಲ್ಲವನ್ನೂ ಒಬ್ಬಳೇ ಮಾಡಬೇಕು ಎಂದು ಹಟ ಹಿಡಿಯುವ ನಮ್ಮೂರ ಮೆಹಂದಿ ಹುಡುಗಿಯರು ಇದನ್ನು ಕಲಿಯಬೇಕು. ಕೋನ್ ಕಟ್ಟುವವರು ಒಬ್ಬರು, ಅತಿಥಿಗಳ ಕೈ ನೋಡುವವರು ಒಬ್ಬರು, ಮದುಮಗಳಿಗೆ ಒಬ್ಬರು. ಹಣವೂ ಹಂಚಿಹೋಗುತ್ತದೆ, ಆಯಾಸವೂ ಹಂಚಿಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನಮ್ಮ ದಾದಿಯದೂ ಅದೇ ಮಾತು: "ಬಾಗಿಲಿಗೆ ಬಂದ ರೋಜಿಯನ್ನು ಬೇಡ ಅನ್ನಬಾರದು. ನೀನು ಬೇಡ ಅಂದರೆ ಇನ್ನೊಬ್ಬಳು ತಗೋತಾಳೆ, ಮುಂದಿನ ಸಲ ನಿನ್ನನ್ನು ಕರೆಯೋದೇ ಇಲ್ಲ." ಇದು ಸುಳ್ಳಲ್ಲ. ಉಳ್ಳವರಿಗೆ ಬೇಡ ಎನ್ನುವುದು ಸುಲಭ, ತಿಂಗಳ ಬಾಡಿಗೆ ಕಟ್ಟಬೇಕಾದವರಿಗೆ ಕಷ್ಟ. ಆದರೆ ಒಪ್ಪಿಕೊಂಡ ಮೂರು ಮನೆಗಳಲ್ಲಿ ಎರಡಕ್ಕೆ ತಡವಾಗಿ ಹೋದರೆ ಹಾಳಾಗುವುದೂ ರೋಜಿಯೇ ಅಲ್ಲವೇ? ಬರೀ ಬೇಡ ಎನ್ನುವ ಬದಲು "ಆ ದಿನ ನನಗಾಗುವುದಿಲ್ಲ, ಇವರನ್ನು ಕೇಳಿ" ಎಂದು ಇನ್ನೊಬ್ಬ ಕಲಾವಿದೆಯ ನಂಬರ್ ಕೊಡಬಹುದು. ಅವಳೂ ತನ್ನಿಂದಾಗದ ದಿನ ಇವಳ ನಂಬರ್ ಕೊಡುತ್ತಾಳೆ. ಆಪಾ ಮತ್ತು ಹೊಸದುರ್ಗದ ಇಬ್ಬರು ಗೆಳತಿಯರು ಹೀಗೆ ಮಾಡಲು ಶುರುಮಾಡಿದ್ದಾರೆ. ಒಬ್ಬರ ಗಿರಾಕಿಯನ್ನು ಒಬ್ಬರು ಕಿತ್ತುಕೊಂಡರು ಎಂಬ ಜಗಳ ಇದುವರೆಗೆ ಬಂದಿಲ್ಲ.

ವಿದ್ಯಾರ್ಥಿಗಳಾಗಿ ದುಡಿಯುವವರ ಕಷ್ಟ ಇನ್ನೂ ಬೇರೆ. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ರಂಜಾನ್ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ದ್ವಿತೀಯ ಪಿಯು ಪರೀಕ್ಷೆ ಮಾರ್ಚ್ 1ರಂದು ಶುರುವಾಯಿತು, ಮಾರನೆಯ ದಿನವೇ ರಂಜಾನ್ ಉಪವಾಸ ಶುರು. ಪರೀಕ್ಷೆ ಮುಗಿದದ್ದು 20ಕ್ಕೆ, ಈದ್ ಬಂದದ್ದು 31ಕ್ಕೆ. ಉಪವಾಸ, ಪರೀಕ್ಷೆ, ಈದ್ ನಂತರದ ಮದುವೆಗಳ ಮುಂಗಡದ ಮಾತುಕತೆ, ಮೂರೂ ಒಂದೇ ತಿಂಗಳು. ಇಂಥ ತಿಂಗಳಲ್ಲಿ "ಪರೀಕ್ಷೆ ಮುಗಿಯುವವರೆಗೆ ಆರ್ಡರ್ ಇಲ್ಲ" ಎಂದು ಒಂದು ಹುಡುಗಿ ಹೇಳಿದರೆ ಅದನ್ನು ಜಂಬ ಎನ್ನಬೇಡಿ. ಅವಳು ಪರೀಕ್ಷೆಯನ್ನು ಬಿಟ್ಟುಕೊಟ್ಟರೆ ಅದರ ನಷ್ಟ ಯಾರ ಚೀಟಿಯಲ್ಲೂ ಬರೆದಿರುವುದಿಲ್ಲ, ಯಾರೂ ಅದನ್ನು ತುಂಬಿಕೊಡುವುದೂ ಇಲ್ಲ.

ಆರ್ಡರ್ ಕೊಡುವ ನಾವು ಮಾಡಬಹುದಾದದ್ದು ನಾಲ್ಕೇ ಮಾತು. ತಾರೀಖು ಗೊತ್ತಾದ ದಿನವೇ ಹೇಳಿ. ಎಷ್ಟು ಕೈ, ಎಷ್ಟು ಹಣ ಎಂಬುದನ್ನು ಬರೆದು ಒಪ್ಪಿಕೊಳ್ಳಿ, ವಾಟ್ಸಾಪ್‌ನಲ್ಲಿ ಒಂದು ಸಾಲು ಆದರೂ ಸಾಕು. ಬಾಕಿಯನ್ನು ಅವರು ಮನೆ ಬಿಡುವ ಮೊದಲೇ ಕೊಡಿ. ರಾತ್ರಿಯಾದರೆ ಮನೆ ತಲುಪಿಸುವ ಜವಾಬ್ದಾರಿ ನಿಮ್ಮದು ಎಂದು ತಿಳಿಯಿರಿ.

ನಮ್ಮ ಕಾಲೇಜಿಗೂ ಇದು ಅನ್ವಯಿಸುತ್ತದೆ. ರಾಜ್ಯೋತ್ಸವದ ರಂಗೋಲಿ, ವಾರ್ಷಿಕೋತ್ಸವದ ವೇದಿಕೆಯ ಅಕ್ಷರ, ವಿದಾಯ ಸಮಾರಂಭದ ಕಾರ್ಡು, ಎಲ್ಲಕ್ಕೂ ನಾವು ಕರೆಯುವುದು "ಚೆನ್ನಾಗಿ ಡ್ರಾಯಿಂಗ್ ಮಾಡುವ" ಅದೇ ನಾಲ್ಕು ಜನರನ್ನು, ಅದೂ ಹಿಂದಿನ ಸಂಜೆ. ಅವರು ಬೇಡ ಎನ್ನುವುದಿಲ್ಲ, ಏಕೆಂದರೆ ಮೇಷ್ಟ್ರು ಹೇಳಿದ್ದಾರೆ. ಪ್ರಾಂಶುಪಾಲರಲ್ಲಿ ಮತ್ತು ಸಾಂಸ್ಕೃತಿಕ ಸಮಿತಿಯವರಲ್ಲಿ ನನ್ನ ವಿನಂತಿ ಇಷ್ಟೇ: ವರ್ಷದ ಕಾರ್ಯಕ್ರಮಗಳ ಪಟ್ಟಿಯನ್ನು ಜೂನ್ ತಿಂಗಳಲ್ಲೇ ಅವರ ಕೈಗೆ ಕೊಡಿ, ಬಣ್ಣ ಕುಂಚಗಳ ಖರ್ಚನ್ನು ಮುಂಚೆಯೇ ಕೊಡಿ, ಪೂರ್ವಸಿದ್ಧತಾ ಪರೀಕ್ಷೆ ಶುರುವಾದ ಮೇಲೆ ಅವರನ್ನು ಕರೆಯಬೇಡಿ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿದರೆ ಸಾಕು. ಆ ಹಾಳೆಯನ್ನು ಚೆಂದದ ಅಕ್ಷರದಲ್ಲಿ ಬರೆಯಲು ಯಾರನ್ನಾದರೂ ಕರೆಯುವುದಾದರೆ, ದಯವಿಟ್ಟು ಒಂದು ವಾರ ಮೊದಲೇ ತಿಳಿಸಿ.