ಮೊಲದ ಗೂಡುಗಳಲ್ಲಿ ಮಾರಿ

1984ರಲ್ಲಿ ಚೀನಾದೇಶದ ಜಿಯಾಂಗ್ಸು ಪ್ರಾಂತದಲ್ಲಿ, ಜರ್ಮನಿಯಿಂದ ತರಿಸಿದ್ದ ಅಂಗೋರಾ ಮೊಲಗಳ ನಡುವೆ ಮೊದಲು ಕಾಣಿಸಿಕೊಂಡು, ಯಕೃತ್ತನ್ನು ಕೆಡಿಸಿ ಕೆಲವೇ ದಿನಗಳಲ್ಲಿ ಪ್ರಾಣವನ್ನಪಹರಿಸುವ ರಕ್ತಸ್ರಾವ ರೋಗವು, ಯೂರೋಪನ್ನು ವ್ಯಾಪಿಸಿ, 1988ರ ಅಂತ್ಯದಲ್ಲಿ ಸಾಗರವನ್ನು ದಾಟಿ ಮೆಕ್ಸಿಕೋವನ್ನೂ ತಲುಪಿದ ವೃತ್ತಾಂತವು ಪಶುಪಾಲಕರೆಲ್ಲರೂ ಮನನ ಮಾಡತಕ್ಕದ್ದಾಗಿದೆ. ಅದನ್ನು ಅಲ್ಲಿಗೆ ಒಯ್ದುದು ಆಮದಾದ ಶೈತ್ಯೀಕೃತ ಮೊಲದ ಮಾಂಸವೆಂಬುದು ತಜ್ಞರ ಅಭಿಮತ. ಏಕೆಂದರೆ ಈ ರೋಗದ ವೈರಾಣುವು ಶೀತದಿಂದ ನಾಶವಾಗದೆ, ಪಂಜರ, ಮೇವು, ಪಾದರಕ್ಷೆ, ನೊಣಗಳ ಮೂಲಕವೂ ಸಂಚರಿಸಬಲ್ಲುದು.

ಮೆಕ್ಸಿಕೋ ಸರ್ಕಾರವು ಲಸಿಕೆಯನ್ನು ಆಶ್ರಯಿಸದೆ, ಸೋಂಕಿತ ಹಿಂಡುಗಳನ್ನು ವಧಿಸಿ, ಸಾಗಾಟವನ್ನು ನಿಷೇಧಿಸಿ, ಶುದ್ಧಿಗೊಳಿಸಿದ ಗೂಡುಗಳಲ್ಲಿ ಆರೋಗ್ಯವಂತ ಮೊಲಗಳನ್ನಿರಿಸಿ ಪರೀಕ್ಷಿಸಿ, 1990ರ ದಶಕದ ಆದಿಯಲ್ಲಿ ರೋಗವನ್ನು ನಿರ್ಮೂಲಗೊಳಿಸಿದುದು ಶ್ಲಾಘನೀಯವೇ. ಆದರೆ ಆ ನಾಡಿನ ಕಾಡುಮೊಲಗಳಿಗೆ ಅಂದು ಅದು ತಗುಲದಿದ್ದುದು ಈ ಜಯಕ್ಕೆ ಮುಖ್ಯ ಸಹಾಯವಾಯಿತೆಂಬುದನ್ನು ಮರೆಯಲಾಗದು. 2010ರಲ್ಲಿ ಫ್ರಾನ್ಸಿನಲ್ಲಿ ತಲೆದೋರಿ, 2020ರಲ್ಲಿ ಮೆಕ್ಸಿಕೋವನ್ನೂ ಅಮೆರಿಕದ ನೈರುತ್ಯ ರಾಜ್ಯಗಳನ್ನೂ ಹೊಕ್ಕ ಈ ವೈರಾಣುವಿನ ಎರಡನೆಯ ಪ್ರಭೇದವಾದರೋ ಎಳೆಯ ಮರಿಗಳನ್ನೂ ಕಾಡುಮೊಲಗಳನ್ನೂ ಬಿಡದು. ವನ್ಯಜೀವಿಗಳಲ್ಲಿ ನೆಲೆಸಿದ ರೋಗವನ್ನು ವಧೆಯಿಂದ ಕಿತ್ತೊಗೆಯುವುದು ಅಸಾಧ್ಯಪ್ರಾಯವಾದ್ದರಿಂದ, ಹಿಂದಿನ ವಿಜಯವನ್ನೇ ನೆಚ್ಚಿ ಕೂರದೆ, ನಾಲ್ಕು ಮೊಲಗಳ ಬಡ ಸಾಕಣೆಗಾರನಿಗೂ ಸುಲಭ ಬೆಲೆಯಲ್ಲಿ ಲಸಿಕೆಯು ದೊರೆಯುವಂತೆ ಏರ್ಪಡಿಸುವುದು ಸರ್ಕಾರಗಳ ಪ್ರಥಮ ಕರ್ತವ್ಯವಾಗಬೇಕು.