ಸುಂಕ ಹೋದ ಮೇಲೆ ದಫ್ತರದ ಗತಿ

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1934ನೆಯ ಇಸವಿಯಿಂದ ನಡೆದುಬಂದಿದ್ದ ಒಂದು ಸುಂಕವು 2026ನೆಯ ಜನವರಿ 1ರಂದು ಇಲ್ಲದಂತಾಯಿತು. ಕೋವಿಯ ಸದ್ದನ್ನಡಗಿಸುವ ಸೈಲೆನ್ಸರನ್ನಾಗಲಿ, ಗಿಡ್ಡ ನಳಿಗೆಯ ರೈಫಲನ್ನಾಗಲಿ ಕೊಳ್ಳುವವನು ಅಲ್ಲಿಯ ಕೇಂದ್ರ ಸರಕಾರಕ್ಕೆ ತೆರಬೇಕಾಗಿದ್ದ 200 ಡಾಲರು ಈಗ ಸೊನ್ನೆಯಾಗಿದೆ. ಆಯುಧಪ್ರಿಯರು ಇದನ್ನು ತಮ್ಮ ವಿಜಯವೆಂದು ಬಗೆದಿದ್ದಾರೆ. ಆಯುಧನಿಯಂತ್ರಣವಾದಿಗಳು ಅನಾಹುತವೆಂದು ಮರುಗುತ್ತಿದ್ದಾರೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಸುಂಕ ಹೋದುದಕ್ಕಾಗಿ ಕಣ್ಣೀರಿಡುವ ಕಾರಣ ಕಾಣುವುದಿಲ್ಲ. ಆದರೆ ಆ ಸುಂಕದ ಬೆನ್ನಿಗೇ ನೋಂದಣಿಯ ದಫ್ತರವನ್ನೂ ಎತ್ತಿಹಾಕಬೇಕೆಂದು ಹೊರಟಿರುವ ವಾದವು ಮಾತ್ರ ಗಂಭೀರವಾಗಿ ವಿಚಾರಿಸತಕ್ಕದ್ದಾಗಿದೆ.

ಈ ಶಾಸನವು ಹುಟ್ಟಿದ ಸಂದರ್ಭವನ್ನು ಮೊದಲು ಸ್ಮರಿಸಬೇಕು. ಮದ್ಯನಿಷೇಧದ ಕಾಲದಲ್ಲಿ ಕಳ್ಳಭಟ್ಟಿಯ ದೊರೆಗಳು ಷಿಕಾಗೋ ನಗರವನ್ನು ಹಂಚಿಕೊಂಡು ಆಳುತ್ತಿದ್ದರು. 1929ನೆಯ ಫೆಬ್ರವರಿ 14ರಂದು ಅಲ್ಲಿಯ ಒಂದು ಗರಾಜಿನಲ್ಲಿ ಏಳು ಮಂದಿಯನ್ನು ಗೋಡೆಗೆ ನಿಲ್ಲಿಸಿ ಯಂತ್ರಬಂದೂಕಿನಿಂದ ಕೊಂದರು. 1933ನೆಯ ಫೆಬ್ರವರಿಯಲ್ಲಿ, ಅಧ್ಯಕ್ಷಪದವಿಯನ್ನು ಇನ್ನೂ ವಹಿಸಿಕೊಳ್ಳದೆ ಇದ್ದ ರೂಸ್‌ವೆಲ್ಟರ ಮೇಲೆ ಮಿಯಾಮಿಯಲ್ಲಿ ಗುಂಡು ಹಾರಿತು. ಅವರು ಉಳಿದರು, ಪಕ್ಕದಲ್ಲಿದ್ದ ಷಿಕಾಗೋ ಮೇಯರು ಸೆರ್ಮಾಕರು ಗುಂಡು ತಗುಲಿ ಮುಂದೆ ಸತ್ತರು. ಆಗಿನ ಅಟಾರ್ನಿ ಜನರಲ್ ಕಮಿಂಗ್ಸರು ಈ ಆಯುಧಗಳನ್ನು ಹತ್ತಿಕ್ಕಲೆಳಸಿದರು. ಆದರೆ ಆಯುಧಗಳನ್ನು ನೇರವಾಗಿ ನಿಷೇಧಿಸುವ ಅಧಿಕಾರ ಕೇಂದ್ರ ಕಾಂಗ್ರೆಸ್ಸಿಗೆ ಉಂಟೋ ಇಲ್ಲವೋ ಎಂಬ ಶಂಕೆ. ತೆರಿಗೆ ಹಾಕುವ ಅಧಿಕಾರವಾದರೋ ನಿಸ್ಸಂದೇಹ. ಆದಕಾರಣ ನಿಷೇಧಕ್ಕೆ ತೆರಿಗೆಯ ಅಂಗಿಯನ್ನು ತೊಡಿಸಿದರು. 200 ಡಾಲರೆಂದರೆ ಆ ಕಾಲಕ್ಕೆ ಒಂದು ಥಾಮ್ಸನ್ ಯಂತ್ರಬಂದೂಕಿನ ಬೆಲೆಯಷ್ಟು. ಇಂದಿನ ಲೆಕ್ಕದಲ್ಲಿ ನಾಲ್ಕು ಸಾವಿರ ಡಾಲರಿಗೂ ಮಿಗಿಲು. ಮಸೂದೆಯ ಮೊದಲ ರೂಪದಲ್ಲಿ ಪಿಸ್ತೂಲುಗಳೂ ಸೇರಿದ್ದುವು. ಉದ್ದದ ರೈಫಲನ್ನು ಗರಗಸದಿಂದ ಮೊಟಕುಮಾಡಿ ಪಿಸ್ತೂಲಿನಂತೆ ಬಚ್ಚಿಟ್ಟುಕೊಳ್ಳದಿರಲೆಂದು ಗಿಡ್ಡ ರೈಫಲುಗಳನ್ನೂ ಸೇರಿಸಿದರು. ಅನಂತರ ಪ್ರತಿಭಟನೆಗೆ ಮಣಿದು ಪಿಸ್ತೂಲನ್ನು ಕೈಬಿಟ್ಟರು. ಗಿಡ್ಡ ರೈಫಲು ಮಾತ್ರ ಶಾಸನದಲ್ಲಿಯೇ ಉಳಿಯಿತು. ಹೆಬ್ಬಾಗಿಲನ್ನು ತೆರೆದಿಟ್ಟು ಗವಾಕ್ಷಿಗೆ ಬೀಗ ಜಡಿದಂತಾಯಿತೆಂದು ಯಾರಾದರೂ ಹಾಸ್ಯಮಾಡಿದರೆ ಉತ್ತರ ಕೊಡುವುದು ಕಷ್ಟ. ಇಂದಿಗೂ ರೈಫಲಿನ ನಳಿಗೆ 16 ಅಂಗುಲಕ್ಕೆ ಅರ್ಧ ಅಂಗುಲ ಕಡಮೆಯಿದ್ದು ನೋಂದಣಿಯಿಲ್ಲದಿದ್ದರೆ ಹತ್ತು ವರ್ಷಗಳ ವರೆಗೆ ಸೆರೆವಾಸ ಉಂಟು; ಅಂಗಿಯೊಳಗೆ ಅಡಗುವ ಪಿಸ್ತೂಲಿಗೆ ಈ ಶಾಸನದ ಗೊಡವೆಯೇ ಇಲ್ಲ.

ಸೈಲೆನ್ಸರಿನ ಕಥೆ ಇನ್ನೂ ಸ್ವಾರಸ್ಯವಾದುದು. ಯಂತ್ರಬಂದೂಕನ್ನು ನಿರ್ಮಿಸಿದ ಹೈರಾಮ್ ಮ್ಯಾಕ್ಸಿಮನ ಮಗ ಹೈರಾಮ್ ಪರ್ಸಿ ಮ್ಯಾಕ್ಸಿಮನು 1909ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಮೋಟಾರು ಗಾಡಿಯ ಸದ್ದನ್ನಡಗಿಸುವ ಕೊಳವೆಗೂ ಇದಕ್ಕೂ ತತ್ತ್ವ ಒಂದೇ: ರಭಸದಿಂದ ಹೊರಬೀಳುವ ಅನಿಲವನ್ನು ಕೋಣೆಕೋಣೆಗಳಲ್ಲಿ ಸುತ್ತಿಸಿ ನಿಧಾನವಾಗಿ ಹೊರಬಿಡುವುದು. ಸಿನಿಮಾದಲ್ಲಿ ಕೇಳುವಂತೆ ಅದು ಬೆಕ್ಕಿನ ಹೆಜ್ಜೆಯಾಗುವುದಿಲ್ಲ. ಕೋವಿಯ ಸದ್ದಿನಲ್ಲಿ ಸುಮಾರು 20ರಿಂದ 35 ಡೆಸಿಬೆಲ್ಲು ತಗ್ಗುವುದಷ್ಟೆ. ಕಿವಿಗೆ ಅಪಾಯ ಕಡಮೆಯಾಗುವುದು, ಸದ್ದು ಇದ್ದೇ ಇರುವುದು. ನಾರ್ವೆ ದೇಶದ ಬೇಟೆಗಾರರು ಅದನ್ನು ಸಾಮಾನ್ಯ ಸಲಕರಣೆಯೆಂದೇ ಎಣಿಸುತ್ತಾರೆ. ಅಮೇರಿಕೆಯ 42 ಸಂಸ್ಥಾನಗಳು ಅದನ್ನು ಇಟ್ಟುಕೊಳ್ಳಲು ಅವಕಾಶ ಕೊಟ್ಟಿವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಮೊದಲಾದ ಎಂಟು ಸಂಸ್ಥಾನಗಳು ಕೊಟ್ಟಿಲ್ಲ. ಆದರೂ ಕೇಂದ್ರದ ಶಾಸನವು ಈ ಕೊಳವೆಯನ್ನೇ ಒಂದು ಆಯುಧವೆಂದು ಗಣಿಸುತ್ತದೆ. ನಮ್ಮ 1959ರ ಆಯುಧ ಕಾಯಿದೆಯ ವ್ಯಾಖ್ಯೆಯೂ ಹಾಗೆಯೇ ಇದೆ.

ಇಂತಹ ವಸ್ತುವನ್ನು ಅಮೇರಿಕೆಯಲ್ಲಿ ನ್ಯಾಯವಾಗಿ ಕೊಳ್ಳುವ ಬಗೆ ಹೇಗೆಂದರೆ: ಗಿರಾಕಿಯು ಇದಕ್ಕೆಂದೇ ಪ್ರತ್ಯೇಕವಾಗಿ ಅಧಿಕಾರ ಪಡೆದ ವ್ಯಾಪಾರಿಯಲ್ಲಿ ಹಣ ಕೊಡುತ್ತಾನೆ, ಆದರೆ ವಸ್ತು ಕೈಗೆ ಬರುವುದಿಲ್ಲ. ಅರ್ಜಿಯೊಡನೆ ಬೆರಳಚ್ಚು, ಭಾವಚಿತ್ರಗಳನ್ನು ಒಪ್ಪಿಸಬೇಕು. ಊರಿನ ಪೋಲೀಸು ಮುಖ್ಯಾಧಿಕಾರಿಗೆ ಒಂದು ಪ್ರತಿಯನ್ನು ಕಳುಹಿಸಬೇಕು. ಮಂಜೂರಾತಿ ಬರುವ ವರೆಗೆ ವಸ್ತು ಅಂಗಡಿಯ ಬೀಗದೊಳಗೇ ಇರಬೇಕು. ಹಿಂದೆ ಇದಕ್ಕೆ ಒಂದು ವರ್ಷವೂ ಹಿಡಿಯುತ್ತಿತ್ತು. 2021ರ ಕೊನೆಯಲ್ಲಿ ಅರ್ಜಿಯು ವಿದ್ಯುನ್ಮಾನ ರೂಪಕ್ಕೆ ಬಂದ ಮೇಲೆ ಅವಧಿಯು ಬಹಳವಾಗಿ ಇಳಿಯಿತು. ಮಂಜೂರಾದ ವಸ್ತುವು ಅದರ ಸಂಖ್ಯೆ, ಒಡೆಯನ ಹೆಸರು, ವಿಳಾಸಗಳೊಡನೆ ರಾಷ್ಟ್ರೀಯ ದಫ್ತರದಲ್ಲಿ ದಾಖಲಾಗುತ್ತದೆ. ಮುಂದೆ ಅದು ಕೈ ಬದಲಾಯಿಸಬೇಕಾದರೆ ಈ ವಿಧಿಯೆಲ್ಲ ಮತ್ತೆ ನಡೆಯಬೇಕು.

2016ರ ವರೆಗೆ ಇದರ ಜೊತೆಗೆ ಇನ್ನೊಂದು ಕಟ್ಟಳೆ ಇತ್ತು. ಊರಿನ ಷೆರೀಫನೋ ಪೋಲೀಸು ಮುಖ್ಯನೋ ಅರ್ಜಿಗೆ ಸಹಿ ಹಾಕಬೇಕಾಗಿತ್ತು. ಸಹಿ ಹಾಕೆನೆಂದರೆ ಕಾರಣವನ್ನು ಹೇಳಬೇಕಾದ ನಿರ್ಬಂಧವಿರಲಿಲ್ಲ. ಒಂದು ಜಿಲ್ಲೆಯಲ್ಲಿ ಸಿಕ್ಕುವ ಸಹಿ ಹೊಳೆಯಾಚೆಯ ಜಿಲ್ಲೆಯಲ್ಲಿ ಸಿಕ್ಕುತ್ತಿರಲಿಲ್ಲ. ಕೈಯಲ್ಲಿ ಹಣವಿದ್ದವರು ವಕೀಲರ ಸಹಾಯದಿಂದ ಟ್ರಸ್ಟುಗಳನ್ನು ಸ್ಥಾಪಿಸಿ ಅವುಗಳ ಹೆಸರಿನಲ್ಲಿ ಕೊಳ್ಳತೊಡಗಿದರು. ಟ್ರಸ್ಟಿಗೆ ಸಹಿಯೂ ಬೇಡ, ಬೆರಳಚ್ಚೂ ಬೇಡ. 2016ರ ಜುಲೈಯಿಂದ ಸಹಿಯನ್ನು ರದ್ದುಮಾಡಿ ತಿಳಿವಳಿಕೆಯ ಪತ್ರ ಸಾಕೆಂದರು, ಟ್ರಸ್ಟಿನ ಹೊಣೆಗಾರರೆಲ್ಲರೂ ಬೆರಳೊತ್ತಬೇಕೆಂದರು. ಎರಡೂ ಯುಕ್ತವಾದ ಕೆಲಸವೇ ಸರಿ. ಅಧಿಕಾರಿಯ ಮರ್ಜಿಯ ಮೇಲೆ ನಿಂತ ಲೈಸೆನ್ಸಿನ ರುಚಿಯನ್ನು ಈ ದೇಶದವರಿಗೆ ಯಾರೂ ವರ್ಣಿಸಿ ಹೇಳಬೇಕಾದುದಿಲ್ಲ. ಲಾರ್ಡ್ ಲಿಟ್ಟನ್ನನ ಕಾಲದ 1878ರ ಆಯುಧ ಕಾಯಿದೆಯು ಆರಂಭದಲ್ಲಿ ಐರೋಪ್ಯನಿಗೆ ವಿನಾಯಿತಿಯನ್ನೂ ನೆಲದ ಮಗನಿಗೆ ಕಚೇರಿಯ ಮೆಟ್ಟಲನ್ನೂ ಕೊಟ್ಟಿತ್ತು. 1930ರ ಜನವರಿಯಲ್ಲಿ ಮಹಾತ್ಮರು ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಆಯುಧ ಲೈಸೆನ್ಸು ದೊರೆಯಬೇಕೆಂಬುದೂ ಒಂದು. ಅಹಿಂಸೆಯ ಆಚಾರ್ಯರೇ ಅದನ್ನು ಕೇಳಿದರೆಂಬುದನ್ನು ಇಂದು ಅನೇಕರು ಮರೆತಿದ್ದಾರೆ. 1931ರ ಕರಾಚಿ ಕಾಂಗ್ರೆಸ್ಸು ನಿಯಮಗಳಿಗೊಳಪಟ್ಟು ಆಯುಧ ಧರಿಸುವುದನ್ನು ಪ್ರಜೆಯ ಹಕ್ಕೆಂದು ಸಾರಿತು. 1948ನೆಯ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಶ್ರೀ ಹರಿ ವಿಷ್ಣು ಕಾಮತರು ಅದನ್ನು ಸಂವಿಧಾನದಲ್ಲಿಯೇ ಸೇರಿಸಬೇಕೆಂದು ತಿದ್ದುಪಡಿ ತಂದರು, ಸಭೆಯು ಒಪ್ಪಲಿಲ್ಲ. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸಿನ ವಿನಾಯಿತಿಯನ್ನು ಭಾರತ ಸರಕಾರವು 2019ರಲ್ಲಿ ಇನ್ನು ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು; ಅದು ಬೇರೆಯೇ ಒಂದು ಲೇಖನದ ವಿಷಯ.

ಸುಂಕವು ಯಾರನ್ನು ತಡೆಯುತ್ತಿತ್ತೆಂದು ಕೇಳಿದರೆ, ಬಡವನನ್ನು ಎಂದೇ ಉತ್ತರ. ದುಷ್ಟನು ಸುಂಕದ ಕಟ್ಟೆಗೆ ಬರುವವನೇ ಅಲ್ಲ. 1934ರಲ್ಲಿ 200 ಡಾಲರು ಕೂಲಿಕಾರನಿಗೆ ಕನಸು, ಲಕ್ಷಾಧೀಶನಿಗೆ ತೃಣ. ಮೊತ್ತವನ್ನು ಒಮ್ಮೆಯೂ ಏರಿಸದುದರಿಂದ, ನಾಣ್ಯದ ಬೆಲೆ ಕುಸಿದಂತೆಲ್ಲ ಕಟ್ಟೆಯೂ ಕುಸಿಯಿತು. ಯಂತ್ರಬಂದೂಕಿನ ವಿಷಯದಲ್ಲಿಯಾದರೋ ಬೆಲೆಯೇ ಬೇಲಿಯಾಯಿತು. 1986ನೆಯ ಮೇ 19ರ ಶಾಸನವು ಅಂದಿನಿಂದ ಮುಂದೆ ತಯಾರಾದ ಯಂತ್ರಬಂದೂಕುಗಳು ಸಾಮಾನ್ಯ ಪ್ರಜೆಗೆ ಸಲ್ಲವೆಂದಿತು. ಅದಕ್ಕೆ ಹಿಂದೆ ನೋಂದಣಿಯಾದುವು ಮಾತ್ರ ಕೈಯಿಂದ ಕೈಗೆ ಹೋಗುತ್ತಿವೆ. ಸಾಲದ ಸರಕಾದುದರಿಂದ ಒಂದೊಂದಕ್ಕೆ ಹತ್ತಾರು ಸಾವಿರ ಡಾಲರು ಬೆಲೆ. ಅವುಗಳಿಗೆ 200 ಡಾಲರಿನ ಸುಂಕ ಈಗಲೂ ಉಂಟು. ಅಷ್ಟು ಹಣ ತೆರುವವನಿಗೆ ಅದೊಂದು ಲೆಕ್ಕವೇ?

ಇನ್ನು ಮುಖ್ಯ ವಿಷಯ. 2025ರ ಜುಲೈ 4ರಂದು ಅಂಕಿತವಾದ ಆಯವ್ಯಯದ ಶಾಸನದಲ್ಲಿ ಸುಂಕದೊಡನೆ ನೋಂದಣಿಯನ್ನೂ ತೊಡೆದುಹಾಕಬೇಕೆಂಬ ಯತ್ನ ನಡೆದಿತ್ತು. ಹಣಕಾಸಿನ ಮಸೂದೆಯಲ್ಲಿ ಹಣಕಾಸಿಗೆ ಸೇರದ ವಿಷಯ ಬರಕೂಡದೆಂದು ಸೆನೆಟ್ ಸಭೆಯ ನಿಯಮಾಧಿಕಾರಿಯು ತಡೆದುದರಿಂದ ಸುಂಕ ಮಾತ್ರ ಹೋಯಿತು. ಒಡನೆಯೇ ನ್ಯಾಯಾಲಯಗಳಲ್ಲಿ ದಾವೆಗಳು ಬಿದ್ದುವು. ವಾದವು ಸರಳವಾಗಿದೆ: ಸುಪ್ರೀಂ ಕೋರ್ಟು 1937ರಲ್ಲಿ ಈ ಶಾಸನವನ್ನು ಎತ್ತಿಹಿಡಿದದ್ದು ಅದು ತೆರಿಗೆಯೆಂಬ ಕಾರಣದಿಂದ, ತೆರಿಗೆಯೇ ಇಲ್ಲದ ಮೇಲೆ ತೆರಿಗೆಯ ವಸೂಲಿಗೆಂದು ಇಟ್ಟ ದಫ್ತರಕ್ಕೆ ಆಧಾರವೆಲ್ಲಿ? ಈ ವಾದವನ್ನು ಕುತರ್ಕವೆಂದು ತಳ್ಳಿಹಾಕಲು ಬಾರದು. ಅಂಗಿಯೊಳಗೆ ಅಡಗಿಸಿದ ಉದ್ದೇಶವನ್ನು ಅಂಗಿ ಹರಿದ ದಿನ ತೋರಿಸಬೇಕಾಗುತ್ತದೆ. ತೊಂಬತ್ತು ವರ್ಷ ಕಾಂಗ್ರೆಸ್ಸು ಅದನ್ನು ಮಾಡದೆ ಕುಳಿತದ್ದು ಅದರ ತಪ್ಪು.

ಆದರೆ ಜನರನ್ನು ಕಾಯುತ್ತಿದ್ದುದು ಸುಂಕವಲ್ಲ, ದಫ್ತರವೇ. ಯಾರ ಬಳಿ ಯಾವ ಸಂಖ್ಯೆಯ ಯಂತ್ರವಿದೆಯೆಂಬುದು ಸರಕಾರಕ್ಕೆ ತಿಳಿದಿರುವಾಗ, ಪ್ರಾಮಾಣಿಕನಿಗೆ ಅದರಿಂದ ನಷ್ಟವಿಲ್ಲ. ಮಾರಿಕೊಂಡು ಕಳೆಯಿತೆನ್ನುವವನಿಗೆ ತೊಡಕುಂಟು. ದಫ್ತರವೊಂದರಿಂದಲೇ ಕೊಲೆಗಳು ನಿಂತುಹೋಗುವುವೆಂದು ನಾವು ಹೇಳುವವರಲ್ಲ. 2019ನೆಯ ಮೇ 31ರಂದು ವರ್ಜೀನಿಯಾ ಬೀಚ್ ನಗರದಲ್ಲಿ ಒಬ್ಬನು ಹನ್ನೆರಡು ಮಂದಿಯನ್ನು ಕೊಂದಾಗ ಅವನ ಪಿಸ್ತೂಲಿಗೆ ಸೈಲೆನ್ಸರಿತ್ತು. ಬೀಗವನ್ನೊಡೆಯುವ ಕಳ್ಳರಿದ್ದಾರೆಂದು ಯಾರೂ ಬಾಗಿಲನ್ನು ಕಿತ್ತೆಸೆಯುವುದಿಲ್ಲವಷ್ಟೆ. ಸರಕಾರಕ್ಕೆ ಪಟ್ಟಿ ಸಿಕ್ಕಿದರೆ ನಾಳೆ ಮುಟ್ಟುಗೋಲು ಹಾಕೀತೆಂಬ ಭಯವನ್ನು ನಾವು ಲಘುವಾಗಿ ಕಾಣುವುದಿಲ್ಲ. ಪರಕೀಯರ ಆಳಿಕೆಯಲ್ಲಿ ನಿಶ್ಶಸ್ತ್ರರಾಗಿ ಬಾಳಿದ ದೇಶ ನಮ್ಮದು. ಆದರೆ ಅಲ್ಲಿ ಸರಕಾರವನ್ನು ಆರಿಸುವವರು ಆ ಜನರೇ. ಇಷ್ಟು ದಶಕಗಳಿಂದ ಇರುವ ಈ ದಫ್ತರವನ್ನು ಹಿಡಿದು ಮನೆಮನೆಗೂ ಸಿಪಾಯಿಗಳನ್ನಟ್ಟಿದ ಸರಕಾರವನ್ನು ಅವರು ಇದುವರೆಗೆ ಕಂಡಿಲ್ಲ.

ಇಂತಹ ಬಿರುಕನ್ನು ಕಾಂಗ್ರೆಸ್ಸು ಹಿಂದೆ ಒಮ್ಮೆ ಮುಚ್ಚಿದುದುಂಟು. 1968ನೆಯ ಜನವರಿಯಲ್ಲಿ ಹೇಯ್ನ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ನೋಂದಾಯಿಸಿಕೋ ಎಂದು ಅಪರಾಧಿಯನ್ನು ಕೇಳುವುದು ತನ್ನ ಮೇಲೆ ತಾನೇ ಸಾಕ್ಷಿ ಹೇಳೆಂದು ಕೇಳಿದಂತೆ ಎಂದು ತೀರ್ಪಿತ್ತಿತು. ಶಾಸನದ ಹಲ್ಲು ಉದುರಿತು. ಅದೇ ಅಕ್ಟೋಬರಿನಲ್ಲಿ ಕಾಂಗ್ರೆಸ್ಸು ತಿದ್ದುಪಡಿ ತಂದು, ನೋಂದಣಿಯಲ್ಲಿ ಕೊಟ್ಟ ಮಾಹಿತಿಯನ್ನು ಕೊಟ್ಟವನ ಹಿಂದಿನ ತಪ್ಪುಗಳಿಗೆ ಸಾಕ್ಷ್ಯವಾಗಿ ಬಳಸಕೂಡದೆಂದು ವಿಧಿಸಿ ದಫ್ತರವನ್ನುಳಿಸಿತು. ಈಗಲೂ ತೆರಿಗೆಯ ಸೋಗನ್ನು ಬಿಟ್ಟು, ಸಂಸ್ಥಾನಗಳ ನಡುವಣ ವ್ಯಾಪಾರವನ್ನು ನಿಯಂತ್ರಿಸುವ ತನ್ನ ಅಧಿಕಾರದಿಂದಲೇ ನೋಂದಣಿಗೆ ಒಂದು ನೇರವಾದ ಶಾಸನವನ್ನು ಮಾಡಲು ಕಾಂಗ್ರೆಸ್ಸಿಗೆ ಅಡ್ಡಿಯಿಲ್ಲ. ಆದರೆ 1968ರ ಕಾಂಗ್ರೆಸ್ಸು ದಫ್ತರವನ್ನುಳಿಸಬೇಕೆಂದಿತ್ತು. 2025ರಲ್ಲಿ ಅದನ್ನು ತೊಡೆಯಹೊರಟವರು ಕಾಂಗ್ರೆಸ್ಸಿನ ಬಹುಮತದವರೇ. ಆದುದರಿಂದ ಇನ್ನು ಕೆಲಕಾಲ ಆ ದಫ್ತರದ ಅಳಿವು ಉಳಿವು ನ್ಯಾಯಾಧೀಶರ ಲೇಖನಿಯಲ್ಲಿಯೇ ಇರತಕ್ಕದ್ದೆಂದು ತೋರುತ್ತದೆ.